ಐವತ್ತರಲ್ಲಿ ಮತ್ತೆ ಮೊದಲ ಪಾಠ

ಲಂಡನ್ನಿನ ಓಲ್ಡ್ ವಿಕ್ ಬಹಳ ಹಳೆಯ ರಂಗಮಂದಿರ. ಇಂಗ್ಲಿಷ್ ರಂಗಭೂಮಿಯ ಘಟಾನುಘಟಿಗಳು ಷೇಕ್ಸ್‌ಪಿಯರನ ನಾಟಕಗಳನ್ನು ಆಡಿದ ಜಾಗ ಅದು. 1960ರ ದಶಕದಲ್ಲಿ ಅದರ ನೇಪಥ್ಯದಲ್ಲಿ ಐವತ್ತು ದಾಟಿದ ಭಾರತೀಯ ಮಹಿಳೆಯೊಬ್ಬರು ಕೆಲಸಕ್ಕಿದ್ದರು. ಕಲಾವಿದರಿಗೆ ಉಡುಪು ತೊಡಿಸಿ ರಂಗಕ್ಕೆ ಅಣಿಗೊಳಿಸುವುದು ಅವರ ಕೆಲಸ. ಗುಂಡಿ ಹಾಕಿದ ಮೇಲೆ ಬೆಳಕಿಗೆ ಹೋಗುವವರು ಬೇರೆಯವರು. ಇವರು ಕತ್ತಲಲ್ಲೇ ಉಳಿದು ಮುಂದಿನ ದೃಶ್ಯದ ಬಟ್ಟೆ ಜೋಡಿಸಬೇಕು.

ಈ ಮಹಿಳೆ ಹದಿನಾಲ್ಕು ವರ್ಷ ಭಾರತದ ಊರೂರು ಸುತ್ತಿ ನಾಟಕವಾಡಿದವರು, ಅದಕ್ಕೂ ಮುಂಚೆ ಜಪಾನಿನಿಂದ ಅಮೆರಿಕದವರೆಗೆ ವೇದಿಕೆಗಳ ಮೇಲೆ ನರ್ತಿಸಿದವರು ಎಂಬ ಸಂಗತಿ ಅಲ್ಲಿ ಎಷ್ಟು ಮಂದಿಗೆ ತಿಳಿದಿತ್ತೋ! ಅವರೇ ಜೋಹ್ರಾ ಸೆಹಗಲ್.

ಹೆಸರಿಗಿಂತ ಆ ಮುಖವೇ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತ. 'ಚೀನಿ ಕಮ್' ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಅವರನ್ನು ಗದರಿಸುವ, ಬಾಯಿ ಬಿಟ್ಟರೆ ನಗೆಯುಕ್ಕಿಸುವ ಆ ಪುಟ್ಟ ತಾಯಿ. 2007ರಲ್ಲಿ ಆ ಚಿತ್ರ ತೆರೆಕಂಡಾಗ ಅವರಿಗೆ ತೊಂಬತ್ತೈದು ವರ್ಷ. ಹೀಗಾಗಿ ಬಹಳ ಜನ ಅವರನ್ನು ಹುಟ್ಟಿನಿಂದಲೇ ಅಜ್ಜಿ ಎಂದುಕೊಂಡಿದ್ದರೆ ತಪ್ಪಿಲ್ಲ.

ಜೋಹ್ರಾ ಹುಟ್ಟಿದ್ದು 1912ರ ಏಪ್ರಿಲ್ 27ರಂದು, ಉತ್ತರ ಪ್ರದೇಶದ ಸಹರಾನ್‌ಪುರದಲ್ಲಿ. ಮನೆತನ ರಾಮಪುರದ ಪಠಾಣರದು. ಏಳು ಮಕ್ಕಳಲ್ಲಿ ಇವರು ಮೂರನೆಯವರು. ಗೊಂಬೆಯಾಟಕ್ಕಿಂತ ಮರ ಹತ್ತುವುದರಲ್ಲಿ ಹೆಚ್ಚು ಆಸಕ್ತಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡರು. ಹೆಣ್ಣುಮಕ್ಕಳು ಲಾಹೋರಿನಲ್ಲಿ ಓದಬೇಕೆಂಬುದು ತಾಯಿಯ ಆಸೆಯಾಗಿತ್ತು. ಅದರಂತೆ ಜೋಹ್ರಾ ಅಲ್ಲಿನ ಕ್ವೀನ್ ಮೇರಿ ಕಾಲೇಜು ಸೇರಿದರು. ಪರದೆ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಶಾಲೆ ಅದು. ಓದು ಮುಗಿದ ಮೇಲೆ ಮದುವೆ ಎಂಬುದು ಆ ಕಾಲದ ದಾರಿ.

ಆದರೆ ಈ ಮನೆಯಲ್ಲೊಬ್ಬ ಸೋದರಮಾವನಿದ್ದ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ನೆಲೆಸಿದ್ದ ಆತ, ಹುಡುಗಿಗೆ ಅಭಿನಯದಲ್ಲಿ ಒಲವಿರುವುದನ್ನು ಗಮನಿಸಿ ಬ್ರಿಟಿಷ್ ನಟನೊಬ್ಬನ ಬಳಿ ತರಬೇತಿಗೆ ವ್ಯವಸ್ಥೆ ಮಾಡಿದ. 1930ರಲ್ಲಿ, ಹದಿನೆಂಟರ ಜೋಹ್ರಾ ಈ ಮಾವನೊಂದಿಗೆ ಲಾಹೋರಿನಿಂದ ಕಾರಿನಲ್ಲೇ ಹೊರಟರು. ಇರಾನ್, ಸಿರಿಯಾ, ಪ್ಯಾಲೆಸ್ಟೀನ್, ಈಜಿಪ್ಟ್ ದಾಟಿ, ಅಲೆಕ್ಸಾಂಡ್ರಿಯಾದಲ್ಲಿ ಹಡಗು ಹತ್ತಿ ಯೂರೋಪು! ಮಗಳನ್ನು ಪಕ್ಕದ ಊರಿನ ಕಾಲೇಜಿಗೆ ಕಳಿಸಲು ಇಂದಿಗೂ ನಾಲ್ಕು ದಿನ ಯೋಚಿಸುವ ತಂದೆತಾಯಿಯರಿದ್ದಾರೆ. 1930ರಲ್ಲಿ ಈ ಮನೆಯವರು ಒಪ್ಪಿದ್ದಾದರೂ ಹೇಗೆ ಎಂದು ಅಚ್ಚರಿಯಾಗುತ್ತದೆ.

ಯೂರೋಪು ತಲುಪಿದ ಮೇಲೆ ಯೋಜನೆ ಬದಲಾಯಿತು. ಜರ್ಮನಿಯಲ್ಲಿದ್ದ ಚಿಕ್ಕಮ್ಮ ಆಕೆಯನ್ನು ಡ್ರೆಸ್ಡೆನ್ ನಗರದ ಮೇರಿ ವಿಗ್ಮನ್ ಅವರ ನೃತ್ಯಶಾಲೆಗೆ ಕರೆದೊಯ್ದರು. ಆಧುನಿಕ ನೃತ್ಯದ ಆದ್ಯರಲ್ಲಿ ವಿಗ್ಮನ್ ಒಬ್ಬರು. ಬರಿಗಾಲು, ಚರ್ಮವಾದ್ಯದ ಬಡಿತ, ಒಳಗಿನ ತುಮುಲವನ್ನು ಇಡೀ ದೇಹದಿಂದ ಹೊರಹಾಕುವುದು ಆಕೆಯ ಪದ್ಧತಿ. ಜೋಹ್ರಾ ಅಲ್ಲಿಯವರೆಗೆ ಹೆಜ್ಜೆ ಹಾಕಿದವರೇ ಅಲ್ಲ. ಆದರೂ ಪ್ರವೇಶ ಸಿಕ್ಕಿತು. ಆ ಶಾಲೆಗೆ ಸೇರಿದ ಮೊದಲ ಭಾರತೀಯಳು ಎನಿಸಿ ಮೂರು ವರ್ಷ ಕಲಿತರು.

ಅಲ್ಲಿದ್ದಾಗಲೇ ಉದಯಶಂಕರ್ ಅವರ ಶಿವಪಾರ್ವತಿ ನೃತ್ಯವನ್ನು ನೋಡಿದರು. ಹೋಗಿ ಮಾತನಾಡಿಸಿದರು. ಭಾರತಕ್ಕೆ ಮರಳಿದ ಮೇಲೆ ಕೆಲಸ ಕೊಡುವುದಾಗಿ ಆತ ಹೇಳಿದರು. ಇಂಥ ಭರವಸೆಗಳನ್ನು ದೊಡ್ಡವರು ಸಾಮಾನ್ಯವಾಗಿ ಮರೆಯುತ್ತಾರೆ. ಉದಯಶಂಕರ್ ಮರೆಯಲಿಲ್ಲ. ಜಪಾನ್ ಪ್ರವಾಸಕ್ಕೆ ಹೊರಟಿದ್ದೇನೆ, ಕೂಡಲೇ ಬರಲು ಸಾಧ್ಯವೇ ಎಂಬ ತಂತಿ ಬಂತು. 1935ರ ಆಗಸ್ಟಿನಲ್ಲಿ ಜೋಹ್ರಾ ತಂಡ ಸೇರಿದರು. ಜಪಾನ್, ಈಜಿಪ್ಟ್, ಯೂರೋಪು, ಅಮೆರಿಕಗಳಲ್ಲಿ ಪ್ರದರ್ಶನಗಳಾದವು. ಮುಂದೆ ಉದಯಶಂಕರ್ ಹಿಮಾಲಯದ ತಪ್ಪಲಿನ ಆಲ್ಮೋರಾದಲ್ಲಿ ಕಲಾಕೇಂದ್ರ ತೆರೆದಾಗ ಅಲ್ಲಿ ಅಧ್ಯಾಪಕಿಯೂ ಆದರು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ್ ಕೂಡ ಹದಿಹರೆಯದಲ್ಲಿ ಆಲ್ಮೋರಾಕ್ಕೆ ಹೋಗಿ ಕಲಿತವರೇ. 1951ರಲ್ಲಿ ಅವರು 'ಬಾಜಿ' ಎಂಬ ತಮ್ಮ ಮೊದಲ ಚಿತ್ರ ನಿರ್ದೇಶಿಸಿದಾಗ ನೃತ್ಯ ಸಂಯೋಜನೆ ಜೋಹ್ರಾ ಅವರದು.

ಆಲ್ಮೋರಾದಲ್ಲೇ ಪರಿಚಯವಾದವರು ಕಾಮೇಶ್ವರ್ ಸೆಹಗಲ್. ಇಂದೋರಿನ ಹುಡುಗ, ವಿಜ್ಞಾನ, ಚಿತ್ರಕಲೆ, ನೃತ್ಯ ಎಲ್ಲದರಲ್ಲೂ ಕೈಯಾಡಿಸಿದವರು. ಜೋಹ್ರಾಗಿಂತ ಎಂಟು ವರ್ಷ ಚಿಕ್ಕವರು, ಮೇಲಾಗಿ ಹಿಂದೂ. ಮೊದಮೊದಲು ಹಿರಿಯರ ವಿರೋಧವಿತ್ತು, ಕಡೆಗೆ ಒಪ್ಪಿದರು. 1942ರ ಆಗಸ್ಟ್ 14ರಂದು ಮದುವೆ. ಆರತಕ್ಷತೆಗೆ ಜವಾಹರಲಾಲ್ ನೆಹರೂ ಬರಬೇಕಿತ್ತು. ಆದರೆ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಅವರು ಕೆಲವೇ ದಿನ ಮೊದಲು ಬಂಧನಕ್ಕೊಳಗಾಗಿದ್ದರು.

ಆಲ್ಮೋರಾ ಕೇಂದ್ರ ಮುಚ್ಚಿದ ಮೇಲೆ ದಂಪತಿ ಲಾಹೋರಿನಲ್ಲಿ 'ಜೋರೇಶ್' ಎಂಬ ನೃತ್ಯಶಾಲೆ ತೆರೆದರು. ಜೋಹ್ರಾ, ಕಾಮೇಶ್ವರ್ ಎರಡೂ ಹೆಸರು ಕೂಡಿಸಿದ ಹೆಸರು ಅದು. ಆದರೆ ಲಾಹೋರಿನ ಗಾಳಿ ಆಗಲೇ ಕೆಡುತ್ತಿತ್ತು. ಮತೀಯ ಬಿಗುವಿನ ನಡುವೆ ಇಂಥ ಎರಡು ಹೆಸರುಗಳು ಒಂದಾಗಿ ಬಾಳುವುದು ಕಷ್ಟವಾಯಿತು. ಎಳೆಯ ಮಗು ಕಿರಣ್‌ಳನ್ನು ಎತ್ತಿಕೊಂಡು ಮುಂಬಯಿಗೆ ಬಂದರು.

ತಂಗಿ ಉಜ್ರಾ ಮುಂಬಯಿಯಲ್ಲಿ ಪೃಥ್ವಿರಾಜ್ ಕಪೂರ್ ಅವರ ಪೃಥ್ವಿ ಥಿಯೇಟರಿನ ನಾಯಕಿಯಾಗಿದ್ದರು. 1945ರಲ್ಲಿ ಜೋಹ್ರಾ ತಿಂಗಳಿಗೆ 400 ರೂಪಾಯಿ ಸಂಬಳಕ್ಕೆ ಅದೇ ಕಂಪನಿ ಸೇರಿದರು. ನಾಯಕಿಯ ಪಾತ್ರಗಳು ತಂಗಿಯ ಪಾಲಿಗೆ. ನೃತ್ಯದ ಹೊಣೆ ಮತ್ತು ಉಳಿದ ಪಾತ್ರಗಳು ಅಕ್ಕನ ಪಾಲಿಗೆ. ಲೋಕ ಸುತ್ತಿ ಬಂದ ಮೂವತ್ತಮೂರರ ಹೆಣ್ಣು ಇದನ್ನು ಒಪ್ಪಿಕೊಂಡರು, ಅದೂ ಹದಿನಾಲ್ಕು ವರ್ಷ. ಕಂಪನಿ ನಾಟಕದವರ ಅಲೆದಾಟ ಎಂಥದೆಂದು ಗುಬ್ಬಿ ಕಂಪನಿಯ ಕಾಲ ಕಂಡ ನಮ್ಮ ಹಿರಿಯರಿಗೆ ವಿವರಿಸಬೇಕಿಲ್ಲ. ಊರಿಂದೂರಿಗೆ ರೈಲು, ಸಾಮಾನು ಸರಂಜಾಮು, ರಾತ್ರಿ ಆಟ, ಮತ್ತೆ ರೈಲು. 'ದೀವಾರ್', 'ಪಠಾಣ್', 'ಗದ್ದಾರ್' ಮುಂತಾದ ನಾಟಕಗಳು ಸುಮ್ಮನೆ ನಗಿಸಿ ಕಳಿಸುವಂಥವಲ್ಲ. ಒಂದೇ ಮನೆಯ ಅಣ್ಣತಮ್ಮಂದಿರ ನಡುವೆ ಗೋಡೆ ಏಳುವ ಕಥೆಯ 'ದೀವಾರ್', ದೇಶ ಒಡೆಯುವುದಕ್ಕೆ ಎರಡು ವರ್ಷ ಮುಂಚೆಯೇ ರಂಗಕ್ಕೆ ಬಂದಿತ್ತು. ಆಟ ಮುಗಿದ ಮೇಲೆ ಪೃಥ್ವಿರಾಜರು ಬಾಗಿಲಲ್ಲಿ ಜೋಳಿಗೆ ಹಿಡಿದು ನಿಂತು ಸತ್ಕಾರ್ಯಗಳಿಗೆ ಹಣ ಕೂಡಿಸುತ್ತಿದ್ದರು.

ಇದೇ ಅವಧಿಯಲ್ಲಿ ಇಪ್ಟಾ ರಂಗಚಳವಳಿಯ ನಂಟೂ ಬೆಳೆಯಿತು. ಬಂಗಾಳದ ಕ್ಷಾಮವನ್ನು ಕುರಿತ 'ಧರ್ತೀ ಕೆ ಲಾಲ್' ಮತ್ತು ಕಾನ್ ಚಿತ್ರೋತ್ಸವದಲ್ಲಿ ಬಹುಮಾನ ಪಡೆದ 'ನೀಚಾ ನಗರ್', 1946ರ ಈ ಎರಡೂ ಚಿತ್ರಗಳಲ್ಲಿ ಜೋಹ್ರಾ ಅಭಿನಯಿಸಿದ್ದಾರೆ.

1959ರಲ್ಲಿ ಕಾಮೇಶ್ವರ್ ತೀರಿಕೊಂಡರು. ಮುಂದಿನ ವರ್ಷ ಪೃಥ್ವಿ ಥಿಯೇಟರೂ ಬಾಗಿಲು ಹಾಕಿತು. ನಲವತ್ತೇಳರ ವಯಸ್ಸು, ಕಿರಣ್ ಮತ್ತು ಪವನ್ ಎಂಬ ಇಬ್ಬರು ಮಕ್ಕಳು. ದಿಲ್ಲಿಗೆ ಹೋಗಿ ನಾಟ್ಯ ಅಕಾಡೆಮಿಯೊಂದರ ನಿರ್ದೇಶಕಿಯಾಗಿ ದುಡಿದರು. ಅಲ್ಲೇ ಉಳಿದಿದ್ದರೆ ಗೌರವದ ಹುದ್ದೆಯಲ್ಲಿ ದಿನ ಸಾಗುತ್ತಿತ್ತು. 1962ರಲ್ಲಿ ರಂಗಶಿಕ್ಷಣದ ವಿದ್ಯಾರ್ಥಿವೇತನ ದೊರೆತಾಗ ಲಂಡನ್ನಿಗೆ ಹೊರಟರು. ಮುವ್ವತ್ತೆರಡು ವರ್ಷ ಹಿಂದೆ ಯಾವ ಪಾಠಕ್ಕೆಂದು ಕಾರು ಹತ್ತಿದ್ದರೋ ಅದೇ ಪಾಠಕ್ಕೆ, ಐವತ್ತನೆಯ ವಯಸ್ಸಿನಲ್ಲಿ ವಿದ್ಯಾರ್ಥಿನಿಯಾಗಿ.

ಲಂಡನ್ ಇವರಿಗಾಗಿ ಕಾದು ಕೂತಿರಲಿಲ್ಲ. ಬೆಂಗಳೂರಿನವರಾದ ಖ್ಯಾತ ನರ್ತಕ ರಾಮಗೋಪಾಲ್ ಚೆಲ್ಸಿಯಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ 1963ರಿಂದ ಉದಯಶಂಕರ್ ಶೈಲಿಯ ನೃತ್ಯ ಕಲಿಸಿದರು. ಆ ಶಾಲೆ ಬಹಳ ಕಾಲ ನಡೆಯಲಿಲ್ಲ. ಬಿಬಿಸಿಯ ಟಿ.ವಿ. ನಾಟಕದಲ್ಲಿ 1964ರಲ್ಲಿ ಒಂದು ಪಾತ್ರ ಬಂತು. ಮತ್ತೆ ಕಾಯುವಿಕೆ. ಭಾರತೀಯ ಮುಖಗಳಿಗೆ ಅಲ್ಲಿ ಆಗ ಪಾತ್ರಗಳೇ ಕಡಿಮೆ. ವಯಸ್ಸಾದ ಭಾರತೀಯ ಹೆಂಗಸಿಗೆ ಇನ್ನೂ ಕಡಿಮೆ. ಓಲ್ಡ್ ವಿಕ್‌ನ ನೇಪಥ್ಯದ ಚಾಕರಿ ಈ ಲಂಡನ್ ವರ್ಷಗಳದ್ದು. ಆ ಕೆಲಸವನ್ನು ಜೋಹ್ರಾ ಮುಚ್ಚಿಡಲಿಲ್ಲ. ಪಕ್ಕದ ರೆಕ್ಕೆಯಲ್ಲಿ ನಿಂತು ದಿನವೂ ಒಳ್ಳೆಯ ನಟನೆ ನೋಡಲು ಸಿಕ್ಕುವ ಕೆಲಸ ಅದು ಎಂಬುದೂ ನಿಜ.

ದೊಡ್ಡ ಅವಕಾಶ ಬರಲು 1984 ಆಗಬೇಕಾಯಿತು. ಪಾಲ್ ಸ್ಕಾಟ್ ಕಾದಂಬರಿಗಳನ್ನು ಆಧರಿಸಿದ 'ದಿ ಜ್ಯುವೆಲ್ ಇನ್ ದಿ ಕ್ರೌನ್' ಧಾರಾವಾಹಿಯಲ್ಲಿ ಲೇಡಿ ಚಟರ್ಜಿಯಾಗಿ ಜೋಹ್ರಾ ಬ್ರಿಟನ್ನಿನ ಮನೆಮಾತಾದರು. ಲಂಡನ್ನಿಗೆ ಕಾಲಿಟ್ಟು ಇಪ್ಪತ್ತೆರಡು ವರ್ಷ ಕಳೆದಿತ್ತು, ವಯಸ್ಸು ಎಪ್ಪತ್ತೆರಡು. ಆಮೇಲೆ 'ತಂದೂರಿ ನೈಟ್ಸ್', 'ಭಾಜಿ ಆನ್ ದಿ ಬೀಚ್', 'ಬೆಂಡ್ ಇಟ್ ಲೈಕ್ ಬೆಕಮ್' ಒಂದರ ಹಿಂದೊಂದು ಬಂದವು.

ಇವೆಲ್ಲಕ್ಕಿಂತ ನೆನಪಿನಲ್ಲಿ ಉಳಿಯುವುದು 1993ರ ಒಂದು ನಾಟಕ. ಉಜ್ರಾ 1960ರ ದಶಕದಲ್ಲಿ ಪಾಕಿಸ್ತಾನಕ್ಕೆ ಹೋಗಿ ನೆಲೆಸಿದ್ದರು. ಪೃಥ್ವಿಯ ಅಕ್ಕತಂಗಿಯರ ನಡುವೆ ಈಗ ಗಡಿ. ಲಾಹೋರಿನ ಅಜೋಕಾ ತಂಡ ಅವರಿಬ್ಬರ ಬಾಳನ್ನೇ ಹಿನ್ನೆಲೆಯಾಗಿಟ್ಟು 'ಏಕ್ ಥೀ ನಾನಿ' ಎಂಬ ನಾಟಕ ಆಡಿಸಿತು. ಎಂಬತ್ತೊಂದರ ಅಕ್ಕ, ಎಪ್ಪತ್ತಾರರ ತಂಗಿ ಒಂದೇ ರಂಗದ ಮೇಲೆ, ಅದೂ 'ಜೋರೇಶ್' ಶಾಲೆಯನ್ನು ಬಿಟ್ಟು ಬಂದಿದ್ದ ಅದೇ ಲಾಹೋರಿನಲ್ಲಿ. 'ದೀವಾರ್' ಆಡಿದ್ದ ಕಂಪನಿಯ ಈ ಇಬ್ಬರಿಗೆ ಗೋಡೆಯ ಕಥೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1990ರ ದಶಕದಲ್ಲಿ ಭಾರತಕ್ಕೆ ಮರಳಿದ ಜೋಹ್ರಾ, 'ದಿಲ್ ಸೆ', 'ಹಮ್ ದಿಲ್ ದೇ ಚುಕೇ ಸನಂ', 'ವೀರ್-ಝಾರಾ' ಚಿತ್ರಗಳಲ್ಲಿ ಕಾಣಿಸಿಕೊಂಡರು. ಕಾವ್ಯವಾಚನದ ಸಂಜೆಗಳಲ್ಲಿ ಉರ್ದು ಕವಿತೆಗಳನ್ನು ಪುಸ್ತಕ ನೋಡದೆ ಹೇಳುತ್ತಿದ್ದರು. ಹಫೀಜ್ ಜಲಂಧರಿಯವರ ಯೌವನದ ಕವಿತೆಯೊಂದನ್ನು ಈ ಬೊಚ್ಚುಬಾಯಿಯ ನಗೆಯಲ್ಲಿ ಕೇಳಲೆಂದೇ ಜನ ಕಾಯುತ್ತಿದ್ದರು. ಪದ್ಮಶ್ರೀ, ಪದ್ಮಭೂಷಣ, 2010ರಲ್ಲಿ ಪದ್ಮವಿಭೂಷಣ ಎಲ್ಲವೂ ಬಂದವು. 2007ರ 'ಸಾವರಿಯಾ' ಅವರ ಕೊನೆಯ ಚಿತ್ರಗಳಲ್ಲೊಂದು. ಅದರಲ್ಲಿ ಮೊದಲ ಬಾರಿಗೆ ನಾಯಕನಾದ ರಣಬೀರ್ ಕಪೂರ್, 400 ರೂಪಾಯಿ ಸಂಬಳ ಕೊಟ್ಟ ಪೃಥ್ವಿರಾಜರ ಮರಿಮೊಮ್ಮಗ.

ಒಡಿಸ್ಸಿ ಕಲಾವಿದೆಯಾದ ಮಗಳು ಕಿರಣ್, 2012ರಲ್ಲಿ ತಾಯಿಗೆ ನೂರು ತುಂಬಿದಾಗ ಅವರ ಜೀವನಚರಿತ್ರೆ ಪ್ರಕಟಿಸಿದರು. ಶೀರ್ಷಿಕೆಯಲ್ಲಿ ತಾಯಿಯ ಹೆಸರಿನ ಮುಂದೆ 'ಫ್ಯಾಟಿ' ಎಂದು ಸೇರಿಸಿದರು. ಅಂದಿನ ಹುಟ್ಟುಹಬ್ಬದ ಛಾಯಾಚಿತ್ರ ಅನೇಕ ಪತ್ರಿಕೆಗಳಲ್ಲಿ ಬಂತು: ಕೇಕ್ ಕತ್ತರಿಸಲು ಕೊಟ್ಟ ಚಾಕುವನ್ನು ಎತ್ತಿ ಹಿಡಿದು ಸುತ್ತಲಿನವರನ್ನು ಹೆದರಿಸುವ ನಟನೆ ಮಾಡುತ್ತಿರುವ ಪುಟ್ಟ ಮುದುಕಿ. 2014ರ ಜುಲೈ 10ರಂದು ದಿಲ್ಲಿಯಲ್ಲಿ ಜೋಹ್ರಾ ನಿಧನರಾದರು. ಆಗ ಅವರಿಗೆ ನೂರ ಎರಡು ವರ್ಷ.