ಅಂಧ, ಕಿವುಡ ಮಕ್ಕಳ ಶಾಲೆ ಯಾವ ಇಲಾಖೆಗೆ ಸೇರಬೇಕು?



ಈ ಸಲ ಕಾನೂನಿನ ವಿಷಯವೊಂದನ್ನು ಕುರಿತು ಬರೆಯುತ್ತಿದ್ದೇನೆ. ಕಾನೂನು ಎಂದೊಡನೆ ಓದು ನಿಲ್ಲಿಸಬೇಡಿರಿ. ವ್ಯಾಕರಣದ ಪಾಠ ಆರಂಭವಾದೊಡನೆ ನಿಮ್ಮಲ್ಲಿ ಹಲವರ ಕಣ್ಣು ಕಿಟಕಿಯತ್ತ ಹೊರಳುತ್ತಿದ್ದುದು ನನಗೆ ಇನ್ನೂ ನೆನಪಿದೆ. ಆದರೆ ಈ ಕಾನೂನು ನಮ್ಮ ಶಿರಗುಪ್ಪಿಯಂತಹ ಊರುಗಳ ಕೆಲವು ಮಕ್ಕಳ ಇಡೀ ಬದುಕನ್ನೇ ನಿರ್ಧರಿಸತಕ್ಕದ್ದು. ಆದುದರಿಂದ ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಕರ್ನಾಟಕ ಸರ್ಕಾರವು ತಾನೇ ನೇರವಾಗಿ ನಡೆಸುವ ಅಂಧ ಮಕ್ಕಳ ಶಾಲೆಗಳು ಮೈಸೂರು, ಕಲಬುರಗಿ, ದಾವಣಗೆರೆ ಮತ್ತು ನಮ್ಮ ಹುಬ್ಬಳ್ಳಿಯಲ್ಲಿವೆ. ಕಿವುಡ ಮಕ್ಕಳ ಸರ್ಕಾರಿ ಶಾಲೆಗಳು ಮೈಸೂರು, ಬೆಳಗಾವಿ, ಕಲಬುರಗಿ ಮತ್ತು ಬಳ್ಳಾರಿಯಲ್ಲಿವೆ. ಇವುಗಳಲ್ಲದೆ ಸ್ವಯಂಸೇವಾ ಸಂಸ್ಥೆಗಳು ಅನುದಾನ ಪಡೆದು ನಡೆಸುವ ಶಾಲೆಗಳೂ ಹಲವಾರು ಇವೆ. ಆದರೆ ಈ ಸರ್ಕಾರಿ ಶಾಲೆಗಳನ್ನು ನಡೆಸುವುದು ಶಾಲಾ ಶಿಕ್ಷಣ ಇಲಾಖೆಯಲ್ಲ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ನನ್ನಂತಹ ಮುದುಕನಿಗೆ ಹಿರಿಯ ನಾಗರಿಕನೆಂಬ ಗುರುತಿನ ಚೀಟಿ ಕೊಡುವ ಇಲಾಖೆಯೂ ಏಳು ವರ್ಷದ ಅಂಧ ಬಾಲಕನಿಗೆ ಅಕ್ಷರ ಕಲಿಸುವ ಇಲಾಖೆಯೂ ಒಂದೇ ಆಗಿವೆ. ನನಗೆ ಬೇಕಾದುದು ಬಸ್ಸಿನ ರಿಯಾಯಿತಿ; ಆ ಬಾಲಕನಿಗೆ ಬೇಕಾದುದು ಗಣಿತ, ವಿಜ್ಞಾನ, ಭಾಷೆ. ಇಬ್ಬರನ್ನೂ ಒಂದೇ ಸೂರಿನಡಿ ತಂದುದರ ಹಿಂದೆ ಸದುದ್ದೇಶವಿರಬಹುದು. ಆದರೆ ಶಾಲೆಯೆಂಬುದು ಮೊದಲು ಶಿಕ್ಷಣದ ವಿಷಯ, ಆಮೇಲೆ ಕಲ್ಯಾಣದ ವಿಷಯ ಎಂಬುದು ನನ್ನ ದೃಢ ಅಭಿಪ್ರಾಯ.

ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದುದಲ್ಲ. ಬಹಳ ವರ್ಷಗಳ ಹಿಂದೆ ನಮ್ಮ ಭಾಗದ ರೈತರೊಬ್ಬರು ಹುಟ್ಟು ಅಂಧನಾಗಿದ್ದ ತಮ್ಮ ಮಗನನ್ನು ವಸತಿ ಶಾಲೆಗೆ ಕಳುಹಿಸಬೇಕೋ ಬೇಡವೋ ಎಂದು ಕೇಳಲು ನನ್ನಲ್ಲಿಗೆ ಬಂದಿದ್ದರು. ಖರ್ಚಿನ ಬಗ್ಗೆ ಅವರು ಕೇಳಲಿಲ್ಲ. ಅವರು ಕೇಳಿದ್ದು ಒಂದೇ ಮಾತು: "ಮಾಸ್ತರ್ರ, ಅಲ್ಲೆ ಖರೇನ ಸಾಲಿ ಕಲಸ್ತಾರೇನ್ರಿ, ಏನ್ ಬರೇ ಉಣ್ಣಾಕ ಹಾಕಿ ಇಟ್ಗೋತಾರ್ರಿ?" ಸ್ವತಃ ಹೋಗಿ ನೋಡಿ ಬರುವಂತೆ ಹೇಳಿದೆ. ವಾರದ ಬಳಿಕ ಬಂದವರು ಅಂಗಿಯ ಕಿಸೆಯಿಂದ ಒಂದು ದಪ್ಪ ಕಾಗದವನ್ನು ತೆಗೆದು ತೋರಿಸಿದರು. ಅದರ ಮೇಲೆ ಉಬ್ಬು ಚುಕ್ಕೆಗಳ ಒಂದು ಸಾಲು ಇತ್ತು. ಅಲ್ಲಿನ ವಿದ್ಯಾರ್ಥಿಯೊಬ್ಬ ಅವರ ಹೆಸರನ್ನು ಕೇಳಿ ಬ್ರೈಲ್ ಲಿಪಿಯಲ್ಲಿ ಬರೆದುಕೊಟ್ಟಿದ್ದನಂತೆ. ಆ ಸಾಲಿನ ಮೇಲೆ ಬೆರಳಾಡಿಸುತ್ತ ಅವರು, "ಇದರಾಗ ನನ್ನ ಹೆಸರೈತ್ರಿ" ಎಂದರು. ಆ ವರ್ಷದ ಜೂನ್ ತಿಂಗಳಿನಲ್ಲಿ ಮಗನನ್ನು ಶಾಲೆಗೆ ಸೇರಿಸಿದರು. ಕಲಿಸುತ್ತಾರೋ, ಇಟ್ಟುಕೊಳ್ಳುತ್ತಾರೋ ಎಂಬ ಅವರ ಪ್ರಶ್ನೆಯೇ ಈ ವಿಷಯದ ತಿರುಳು. ನಮ್ಮ ಕಾನೂನುಗಳು ಈ ಪ್ರಶ್ನೆಗೆ ಇನ್ನೂ ಒಂದೇ ಬಾಯಿಯಿಂದ ಉತ್ತರ ಕೊಟ್ಟಿಲ್ಲ.

ಇದರ ಬೇರು ಸಂವಿಧಾನದಲ್ಲಿಯೇ ಇದೆ. ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯ 9ನೆಯ ಬಾಬು ಅಂಗವಿಕಲರಿಗೂ ಉದ್ಯೋಗ ಮಾಡಲಾರದವರಿಗೂ ನೀಡುವ 'ಪರಿಹಾರ'ಕ್ಕೆ ಸಂಬಂಧಿಸಿದ್ದು. ಶಿಕ್ಷಣವು ಬೇರೆಯೇ ಬಾಬು. 1976ರ 42ನೆಯ ತಿದ್ದುಪಡಿಯ ಮೂಲಕ ಅದು ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ ನೀಡಲು ಯತ್ನಿಸಬೇಕೆಂದು ಮೂಲ 45ನೆಯ ಅನುಚ್ಛೇದ ಹೇಳಿದಾಗ ಅಂಧರನ್ನು ಬಿಟ್ಟು ಎಂದೇನೂ ಹೇಳಿರಲಿಲ್ಲ. ಆದರೂ ಆಡಳಿತವು ಅಂಧ ಮಗುವನ್ನು ಕಂಡಾಗ ಶಿಕ್ಷಣದ ಬಾಬನ್ನು ಮರೆತು ಪರಿಹಾರದ ಬಾಬನ್ನು ನೆನೆಯಿತು. ಕಡತವು ಕಲ್ಯಾಣ ಇಲಾಖೆಯ ಕಪಾಟನ್ನು ಸೇರಿತು. ಇಂದಿಗೂ ಅಲ್ಲಿಯೇ ಇದೆ.

ಹೀಗಾಗಲೇಬೇಕೆಂಬ ನಿಯಮವೇನೂ ಇರಲಿಲ್ಲ. ಇಂಗ್ಲೆಂಡಿನಲ್ಲಿ 1893ರಷ್ಟು ಹಿಂದೆಯೇ ಅಂಧ ಹಾಗೂ ಕಿವುಡ ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆಂದು ಪ್ರತ್ಯೇಕ ಕಾಯಿದೆ ಬಂದು, ಅಂಧ ಮಕ್ಕಳನ್ನು ಐದನೆಯ ವಯಸ್ಸಿನಿಂದಲೂ ಕಿವುಡ ಮಕ್ಕಳನ್ನು ಏಳನೆಯ ವಯಸ್ಸಿನಿಂದಲೂ ಓದಿಸುವ ಹೊಣೆಯನ್ನು ಶಾಲಾ ಆಡಳಿತಗಳ ಮೇಲೆಯೇ ಹೊರಿಸಲಾಯಿತು. ಅದಾದ ಎಂಟು ವರ್ಷಕ್ಕೆ, 1901ರಲ್ಲಿ, ಎಂ. ಶ್ರೀನಿವಾಸರಾಯರು ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳಿಗಾಗಿ ಶಾಲೆಯನ್ನು ಆರಂಭಿಸಿದರು. ಕನ್ನಡ ನಾಡಿನಲ್ಲಿ ಈ ಕೆಲಸವು ಹೀಗೆ ಒಬ್ಬ ವ್ಯಕ್ತಿಯ ಕಾಳಜಿಯಿಂದ ಮೊದಲಾಯಿತೇ ಹೊರತು ಕಾಯಿದೆಯಿಂದಲ್ಲ.

ಸ್ವತಂತ್ರ ಭಾರತದಲ್ಲಿಯೂ ಈ ಮಾತನ್ನು ಹೇಳಿದವರಿದ್ದರು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಅಂಗವಿಕಲ ಮಕ್ಕಳ ಶಿಕ್ಷಣವು ಸಾಮಾನ್ಯ ಶಿಕ್ಷಣ ವ್ಯವಸ್ಥೆಯ ಬೇರ್ಪಡಿಸಲಾಗದ ಅಂಗವಾಗಬೇಕೆಂದು ಶಿಫಾರಸು ಮಾಡಿತ್ತು. ಇಂತಹ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೆ ಸೇರಿಸಿ ಓದಿಸುವ ಸಮನ್ವಯ ಶಿಕ್ಷಣ ಯೋಜನೆಯನ್ನು ಕೇಂದ್ರ ಸರ್ಕಾರವು 1974ರಲ್ಲಿ ಆರಂಭಿಸಿದಾಗ ಅದು ಕಲ್ಯಾಣ ಖಾತೆಯ ಕೈಯಲ್ಲಿತ್ತು. 1982ರಲ್ಲಿ ಅದನ್ನು ಶಿಕ್ಷಣ ಖಾತೆಗೆ ವರ್ಗಾಯಿಸಲಾಯಿತು. ಅಂದರೆ ಸಾಮಾನ್ಯ ಶಾಲೆಗೆ ಹೋಗುವ ಅಂಧ ಮಗುವಿನ ಕಡತ ನಾಲ್ಕು ದಶಕಗಳಿಗೂ ಹಿಂದೆಯೇ ಸರಿಯಾದ ಕಪಾಟಿಗೆ ಬಂದಿತು. ವಿಶೇಷ ಶಾಲೆಗೆ ಹೋಗುವ ಅಂಧ ಮಗುವಿನ ಕಡತ ಮಾತ್ರ ಬರಲಿಲ್ಲ. ಇಬ್ಬರ ಕಣ್ಣಿನಲ್ಲಿಯೂ ಕತ್ತಲೆ ಒಂದೇ. ಶಾಲೆಯ ಬಾಗಿಲು ಬೇರೆಯಾದ ಮಾತ್ರಕ್ಕೆ ಇಲಾಖೆ ಏಕೆ ಬೇರೆಯಾಗಬೇಕು?

ಇನ್ನು ಇಂದಿನ ಕಾನೂನುಗಳಿಗೆ ಬರೋಣ. 1995ರ ಕಾಯಿದೆಯು ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಭರವಸೆ ಕೊಟ್ಟಿತು. ಅದರ ಸ್ಥಾನದಲ್ಲಿ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016, ಜಾರಿಗೆ ಬಂದುದು 2017ರ ಏಪ್ರಿಲ್ 19ರಂದು. ಅದರ 31ನೆಯ ಪ್ರಕರಣವನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು. ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದೆಯೆಂದು ಪ್ರಮಾಣಪತ್ರ ಪಡೆದ, 6ರಿಂದ 18 ವರ್ಷದ ಪ್ರತಿ ಮಗುವಿಗೂ ಹತ್ತಿರದ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ತನ್ನ ಆಯ್ಕೆಯಂತೆ ಉಚಿತವಾಗಿ ಓದುವ ಹಕ್ಕಿದೆ. 16ನೆಯ ಪ್ರಕರಣವು ಅಂಧರಿಗೂ ಕಿವುಡರಿಗೂ ಅತ್ಯಂತ ಯೋಗ್ಯವಾದ ಭಾಷೆ ಮತ್ತು ಸಂವಹನ ವಿಧಾನದಲ್ಲಿ ಕಲಿಸಬೇಕೆನ್ನುತ್ತದೆ. 17ನೆಯದು ಬ್ರೈಲ್ ಹಾಗೂ ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಬೇಕೆನ್ನುತ್ತದೆ. ಮಾತುಗಳೆಲ್ಲ ಚಿನ್ನದಂಥವು.

ಆದರೆ ಅದೇ ಅಧಿನಿಯಮದಲ್ಲಿ ಇನ್ನೊಂದು ಸಂಗತಿಯಿದೆ. ಅಂಗವಿಕಲರಿಗಾಗಿ ಸಂಸ್ಥೆ ನಡೆಸುವ ಯಾರೇ ಆಗಲಿ ನೋಂದಣಿ ಪ್ರಮಾಣಪತ್ರ ಪಡೆಯಬೇಕು. ಗೊತ್ತುಪಡಿಸಿದ ಸೌಲಭ್ಯ, ಗುಣಮಟ್ಟಗಳಿಲ್ಲದಿದ್ದರೆ ಅದು ದೊರೆಯದು. ಆದರೆ 54ನೆಯ ಪ್ರಕರಣದ ಪ್ರಕಾರ ಸರ್ಕಾರವೇ ಸ್ಥಾಪಿಸಿ ನಡೆಸುವ ಸಂಸ್ಥೆಗಳಿಗೆ ಈ ಅಧ್ಯಾಯ ಅನ್ವಯಿಸುವುದಿಲ್ಲ. ಖಾಸಗಿಯವರು ಪರೀಕ್ಷೆ ಬರೆದು ಪಾಸಾಗಬೇಕು, ಸರ್ಕಾರಕ್ಕೆ ಪರೀಕ್ಷೆಯೇ ಇಲ್ಲ ಎಂದಂತಾಯಿತು. ಇತ್ತ 2009ರ ಶಿಕ್ಷಣ ಹಕ್ಕು ಅಧಿನಿಯಮದ ಅನುಸೂಚಿಯಲ್ಲಿ ಶಿಕ್ಷಕರ ಪ್ರಮಾಣ, ವರ್ಷಕ್ಕೆ ಇಂತಿಷ್ಟು ಶಾಲಾ ದಿನಗಳು, ಗ್ರಂಥಾಲಯ ಎಲ್ಲವೂ ನಮೂದಾಗಿವೆ. ಆದರೆ ಅದನ್ನು ಜಾರಿಗೊಳಿಸುವ ಕ್ಷೇತ್ರ ಶಿಕ್ಷಣಾಧಿಕಾರಿಯ ಇಲಾಖೆ ಬೇರೆ, ಅಂಧ ಮಕ್ಕಳ ಸರ್ಕಾರಿ ಶಾಲೆಯ ಇಲಾಖೆ ಬೇರೆ. ಎರಡು ಮನೆಯ ನಡುವಿನ ಗೋಡೆಗೆ ಸುಣ್ಣ ಬಳಿಯುವವರಾರು?

ಈ ಪ್ರಶ್ನೆ ಕೇವಲ ಆಡಳಿತದ್ದಲ್ಲ, ಮಗುವಿನ ಕಲಿಕೆಯದು. ಅಂಧ ಬಾಲಕನು ಬ್ರೈಲ್ ಸ್ಲೇಟಿನಲ್ಲಿ ಮೊನೆಯಿಂದ ಚುಕ್ಕೆಗಳನ್ನು ಒತ್ತುತ್ತ ಬಲದಿಂದ ಎಡಕ್ಕೆ ಬರೆಯುತ್ತಾನೆ. ಕಾಗದವನ್ನು ತಿರುವಿ ಎಡದಿಂದ ಬಲಕ್ಕೆ ಓದುತ್ತಾನೆ. ಈ ಕೌಶಲ ಕೈಗೂಡಲು ಅದನ್ನು ಬಲ್ಲ ಶಿಕ್ಷಕನು ದಿನವೂ ಪಕ್ಕದಲ್ಲಿರಬೇಕು. ಕಿವುಡ ಮಗುವಿನದು ಇನ್ನೂ ಸೂಕ್ಷ್ಮ. ಕೇಳುವ ಮಗು ಶಾಲೆಗೆ ಬರುವ ಮೊದಲೇ ಮನೆಮಾತನ್ನು ಕಲಿತಿರುತ್ತದೆ. ಕಿವುಡ ಮಗುವಿಗೆ ಮನೆಯಲ್ಲಿ ಸಂಜ್ಞಾ ಭಾಷೆಯಾಗಲಿ ಶ್ರವಣ ಸಾಧನವಾಗಲಿ ದೊರೆಯದಿದ್ದರೆ ಅದು ಯಾವ ಭಾಷೆಯೂ ಇಲ್ಲದೆ ಆರನೆಯ ವಯಸ್ಸನ್ನು ಮುಟ್ಟುತ್ತದೆ. ಕಾನೂನಿನ ಬಾಗಿಲು ತೆರೆಯುವುದೇ ಆರಕ್ಕೆ. ಭಾಷೆ ಸಹಜವಾಗಿ ಮೊಳೆಯುವ ಕಾಲ ಅಷ್ಟರಲ್ಲಿ ಬಹುಮಟ್ಟಿಗೆ ಕಳೆದಿರುತ್ತದೆ. ಹಿಂಗಾರಿ ಹದ ತಪ್ಪಿದ ಮೇಲೆ ಕಡಲೆ ಬಿತ್ತಿದರೆ ಬೆಳೆ ಎಷ್ಟು ಬಂದೀತೆಂದು ಎರೆಭೂಮಿಯವರಾದ ನಿಮಗೆ ಹೇಳಬೇಕಾಗಿಲ್ಲ. ಶಿರಗುಪ್ಪಿಯ ಕಿವುಡ ಮಗುವಿಗೆ ಬೆಳಗಾವಿಯ ಸರ್ಕಾರಿ ಶಾಲೆ ನೂರು ಕಿಲೋಮೀಟರಿಗೂ ಮಿಗಿಲು ದೂರ. ಮೂರು ವರ್ಷದ ಕೂಸನ್ನು ಯಾವ ತಾಯಿಯೂ ಅಷ್ಟು ದೂರ ಕಳುಹಿಸಲಾರಳು, ಕಳುಹಿಸಲೂ ಬಾರದು. ಆ ಶಾಲೆಯ ಅನುಭವವು ಊರಿನ ಅಂಗನವಾಡಿಗೆ, ಊರಿನ ಶಾಲೆಗೆ ಹರಿದು ಬರಬೇಕು. ಇಲಾಖೆಗಳೇ ಬೇರೆಯಾದಾಗ ಹರಿಯುವ ಕಾಲುವೆ ಎಲ್ಲಿದೆ?

ಶಿಕ್ಷಣ ಇಲಾಖೆಯಲ್ಲಿಯೂ ಅಂಗವಿಕಲ ಮಕ್ಕಳಿಗಾಗಿ ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕರಿದ್ದಾರೆ. ಮನೆಗೇ ಹೋಗಿ ಕಲಿಸುವ ಗೃಹಾಧಾರಿತ ಶಿಕ್ಷಣವೂ ಇದೆ. ಸರ್ವೋಚ್ಚ ನ್ಯಾಯಾಲಯವು 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದ ತೀರ್ಪು ನೀಡಿದ ಮೇಲೆ ಕೇಂದ್ರವು 2022ರಲ್ಲಿ, ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೊಬ್ಬ, ಹಿರಿಯ ಪ್ರಾಥಮಿಕ ಹಂತದಲ್ಲಿ 15 ಮಕ್ಕಳಿಗೊಬ್ಬ ವಿಶೇಷ ಶಿಕ್ಷಕನಿರಬೇಕೆಂದು ಪ್ರಮಾಣ ಗೊತ್ತುಪಡಿಸಿತು. 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ ರಾಜ್ಯಗಳು ಈ ಹುದ್ದೆಗಳನ್ನು ಗುರುತಿಸಿ ಅಧಿಸೂಚನೆ ಹೊರಡಿಸಬೇಕೆಂದು ಆದೇಶಿಸಿತು. ಈ ಹೊಸ ಶಿಕ್ಷಕರು ತರಬೇತಿಗೆ, ಸಲಹೆಗೆ ಎಲ್ಲಿಗೆ ಹೋಗಬೇಕು? ಎಷ್ಟೋ ವರ್ಷಗಳಿಂದ ಬ್ರೈಲ್ ಕಲಿಸುತ್ತಿರುವ ಹುಬ್ಬಳ್ಳಿಯ ಶಾಲೆಗಿಂತ ಒಳ್ಳೆಯ ಗುರುಕುಲ ನಮ್ಮ ತಾಲ್ಲೂಕಿಗೆ ಬೇರೆ ಯಾವುದಿದೆ?

ನಮ್ಮ ಪಕ್ಕದ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಈ ಭಾಗದಲ್ಲಿ ಅಂಧರ ಶಿಕ್ಷಣದ ಮಾತು ಪೂರ್ಣವಾಗದು. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಎಷ್ಟೋ ಅಂಧ ಬಾಲಕರ ಕೈಗೆ ತಂಬೂರಿಯನ್ನೂ ಬಾಳಿಗೆ ಘನತೆಯನ್ನೂ ಕೊಟ್ಟರು. ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದರು. 2010ರಲ್ಲಿ ಪದ್ಮಭೂಷಣ ಅವರನ್ನರಸಿ ಬಂದಿತು, ಅದೇ ವರ್ಷ ಲಿಂಗೈಕ್ಯರಾದರು. ಆದರೆ ಎಲ್ಲ ಅಂಧ ಮಕ್ಕಳ ಕಂಠದಲ್ಲಿಯೂ ಸಂಗೀತವಿರುವುದಿಲ್ಲ. ಒಬ್ಬನಿಗೆ ಇತಿಹಾಸ ಬೇಕು, ಇನ್ನೊಬ್ಬನಿಗೆ ಬೀಜಗಣಿತ ಬೇಕು. ಮಠಮಾನ್ಯಗಳು ಕರುಣೆಯಿಂದ ಕೊಟ್ಟುದನ್ನು ಸರ್ಕಾರವು ಹಕ್ಕಿನಿಂದ ಕೊಡಬೇಕು. ಕರುಣೆಗೆ ಪ್ರಶ್ನೆ ಕೇಳಲಾಗದು, ಹಕ್ಕಿಗೆ ಕೇಳಬಹುದು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಸಾವಿರಾರು ಶಾಲೆಗಳನ್ನು ಹೊತ್ತು ಏದುಸಿರು ಬಿಡುವ ಶಿಕ್ಷಣ ಇಲಾಖೆಯಲ್ಲಿ ಈ ಎಂಟು ಶಾಲೆಗಳು ಕಳೆದುಹೋಗಲಾರವೆ ಎಂಬುದು ಮೊದಲನೆಯದು. ಸೇವಾವಧಿಯನ್ನೆಲ್ಲ ಶಿಕ್ಷಣ ಕ್ಷೇತ್ರದಲ್ಲಿ ಕಳೆದ ನಾನು ಈ ಭಯವನ್ನು ತಳ್ಳಿಹಾಕುವುದಿಲ್ಲ. ಅದಕ್ಕಾಗಿ ಶಿಕ್ಷಣ ಇಲಾಖೆಯೊಳಗೆಯೇ ವಿಶೇಷ ಶಾಲೆಗಳಿಗೆ ಪ್ರತ್ಯೇಕ ವಿಭಾಗ, ಪ್ರತ್ಯೇಕ ಶಿಕ್ಷಕ ವೃಂದ, ಪ್ರತ್ಯೇಕ ಅನುದಾನ ಇರಲಿ. ವಸತಿ, ಪಿಂಚಣಿ, ಸಾಧನ ಸಲಕರಣೆಗಳನ್ನು ಸಬಲೀಕರಣ ಇಲಾಖೆಯೇ ನೋಡಿಕೊಳ್ಳಲಿ. ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯಬೇಕಾದ ಈ ಕಾಲದಲ್ಲಿ ವಿಶೇಷ ಶಾಲೆಗಳೇ ಏಕೆ ಎಂಬುದು ಎರಡನೆಯದು. ಆದರ್ಶವಾಗಿ ಅದು ಸರಿ. ಆದರೆ ಸಂಜ್ಞಾ ಭಾಷೆ ಬಲ್ಲ ಒಬ್ಬ ಶಿಕ್ಷಕನೂ ಇಲ್ಲದ ಊರ ಶಾಲೆಯ ಬೆಂಚಿನ ಮೇಲೆ ಕಿವುಡ ಮಗುವನ್ನು ಕೂರಿಸಿದರೆ ಅದು ಸೇರ್ಪಡೆಯಲ್ಲ, ಕೇವಲ ಹಾಜರಿ. ಶಾಸನವೇ ಆಯ್ಕೆಯನ್ನು ಮಗುವಿಗೆ ಕೊಟ್ಟಿದೆ. ಆಯ್ಕೆಯೆಂದರೆ ಎರಡು ಬಾಗಿಲೂ ತೆರೆದಿರಬೇಕು, ಎರಡರ ಒಳಗೂ ಪಾಠ ನಡೆದಿರಬೇಕು.

ನಿಮ್ಮಲ್ಲಿ ಶಿಕ್ಷಕರಾದವರಿದ್ದೀರಿ, ವಕೀಲರಾದವರಿದ್ದೀರಿ, ಪಂಚಾಯತಿಯಲ್ಲಿ ಆರಿಸಿ ಬಂದವರೂ ಇದ್ದೀರಿ. ಗ್ರಾಮಸಭೆಯಲ್ಲಿ ಎದ್ದು ನಿಂತು, ನಮ್ಮೂರಿನಲ್ಲಿ ಶಾಲೆಗೆ ಹೋಗದ ಅಂಧ, ಕಿವುಡ ಮಕ್ಕಳು ಎಷ್ಟು ಎಂದು ಕೇಳಿರಿ. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಿ ಇಂತಹವರನ್ನು ಗುರುತಿಸಬೇಕೆಂದು 17ನೆಯ ಪ್ರಕರಣವೇ ಹೇಳುತ್ತದೆ. ಆದುದರಿಂದ ಈ ಪ್ರಶ್ನೆ ಕೇಳುವುದು ಉದ್ಧಟತನವಲ್ಲ. ಅಂತಹ ಮಗುವಿನ ತಂದೆತಾಯಿಗೆ 31ನೆಯ ಪ್ರಕರಣವನ್ನು ಓದಿ ಹೇಳಿರಿ. ವಿಶೇಷ ಶಾಲೆಗೆ ಭೇಟಿ ಕೊಟ್ಟಾಗ ಹಣ್ಣು ಹಂಚಿ ಫೋಟೋ ತೆಗೆಸಿಕೊಂಡು ಬರುವುದರ ಜೊತೆಗೆ, ಗಣಿತಕ್ಕೆ ಶಿಕ್ಷಕರಿದ್ದಾರೆಯೇ, ಬ್ರೈಲ್ ಪಠ್ಯಪುಸ್ತಕಗಳು ಜೂನ್ ತಿಂಗಳಿನಲ್ಲಿಯೇ ಬಂದವೇ ಎಂದು ವಿಚಾರಿಸಿರಿ. ನಿಮ್ಮ ಸ್ವಂತ ಮಕ್ಕಳ ಶಾಲೆಯಲ್ಲಿ ಇದನ್ನೇ ಅಲ್ಲವೇ ನೀವು ಕೇಳುವುದು?

ಎಲ್ಲರಿಗೂ ಶುಭವಾಗಲಿ.

ನಿಮ್ಮ ಮಾಸ್ತರ,
ಶಿರಗುಪ್ಪಿ