ಕಣ್ಣಿಗೆ ಹಾಕಿದ ಬಣ್ಣಕ್ಕೆ ಹೊಣೆ ಯಾರು?

ಕಣ್ಣಿನ ಶಸ್ತ್ರಚಿಕಿತ್ಸೆಯ ಬಳಿಕ ಕಣ್ಣು ಕೆಂಪಾಗಿ, ಊದಿ, ದೃಷ್ಟಿ ಮಸುಕಾದರೆ ನಮ್ಮಲ್ಲಿ ಎರಡು ಉತ್ತರಗಳು ಸದಾ ಸಿದ್ಧ. ರೋಗಿ ಶುಚಿತ್ವ ಪಾಲಿಸಲಿಲ್ಲ ಎಂದು ಆಸ್ಪತ್ರೆ ಹೇಳುತ್ತದೆ. ವೈದ್ಯರ ಕೈಗುಣ ಸರಿಯಿಲ್ಲ ಎಂದು ಮನೆಯವರು ಹೇಳುತ್ತಾರೆ. ಕಣ್ಣಿನೊಳಗೆ ಹೋದ ದ್ರವದ ಬಗ್ಗೆ ಯಾರೂ ಕೇಳುವುದಿಲ್ಲ.

ರೆಟಿನಾದ ಮೇಲಿನ ತೆಳುಪೊರೆ ಪಾರದರ್ಶಕ. ಅದನ್ನು ಸುಲಿಯುವಾಗ ಕಣ್ಣಿಗೆ ಕಾಣಲೆಂದು ವೈದ್ಯರು ಬ್ರಿಲಿಯಂಟ್ ಬ್ಲೂ ಎಂಬ ನೀಲಿ ಬಣ್ಣ ಬಳಸುತ್ತಾರೆ. ಅದು ಉಪಕಾರಿಯೇ. ಆದರೆ ಆ ಬಣ್ಣವೇ ಕಲುಷಿತವಾಗಿದ್ದರೆ?

2012ರ ಮಾರ್ಚ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದೇ ಶಸ್ತ್ರಚಿಕಿತ್ಸಾ ಕೇಂದ್ರದಲ್ಲಿ ಒಂಬತ್ತು ಮಂದಿಯ ಕಣ್ಣಿಗೆ ಶಿಲೀಂಧ್ರದ ಸೋಂಕು ತಗುಲಿದ ವರದಿ ಬಂತು. ಎಲ್ಲರಿಗೂ ಬಳಸಿದ ನೀಲಿ ಬಣ್ಣ ಫ್ಲಾರಿಡಾದ ಫ್ರಾಂಕ್ಸ್ ಎಂಬ ಔಷಧಾಲಯದಲ್ಲಿ ಬೆರೆಸಿದ್ದಾಗಿತ್ತು. ಹುಡುಕುತ್ತಾ ಹೋದಾಗ ಒಂಬತ್ತು ರಾಜ್ಯಗಳಲ್ಲಿ 47 ಪ್ರಕರಣಗಳು ಪತ್ತೆಯಾದವು. 21 ಮಂದಿಗೆ ಆ ಬಣ್ಣ, 26 ಮಂದಿಗೆ ಅದೇ ಔಷಧಾಲಯದ ಸ್ಟಿರಾಯ್ಡ್ ಬಳಕೆಯಾಗಿತ್ತು. ಹೆಚ್ಚಿನವರ ದೃಷ್ಟಿ ಕುಂದಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಈ ಬಣ್ಣಕ್ಕೆ ಅನುಮತಿ ಕೊಟ್ಟದ್ದು 2019ರ ಡಿಸೆಂಬರ್‌ನಲ್ಲಿ ಮಾತ್ರ!

ಆದರೂ ಅಲ್ಲಿ ಸತ್ಯ ಹೊರಬಂದದ್ದು ಹೇಗೆ? ಸೋಂಕನ್ನು ಮುಚ್ಚಿಡದೆ ವರದಿ ಮಾಡಿದ್ದರಿಂದ, ಬಾಟಲಿ ಎಲ್ಲಿಂದ ಬಂತೆಂಬುದು ಗೊತ್ತಿದ್ದುದರಿಂದ. ಇಲ್ಲದಿದ್ದರೆ ಅವು ಒಂಬತ್ತು ಮನೆಗಳ ಒಂಬತ್ತು ದುರದೃಷ್ಟಗಳಾಗಿ ಉಳಿಯುತ್ತಿದ್ದವು.

ನಮ್ಮಲ್ಲೇನಾಯಿತು? 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಹಲವು ಬಡವರು ದೃಷ್ಟಿ ಕಳೆದುಕೊಂಡರು. ಅಲ್ಲಿ ಬಣ್ಣವಲ್ಲ, ಶಸ್ತ್ರಚಿಕಿತ್ಸೆಗೆ ಬಳಸಿದ ಇನ್ನೊಂದು ಔಷಧ ಕಲುಷಿತವಾಗಿತ್ತೆಂಬ ವರದಿಗಳು ಬಂದವು. ಆದರೆ ನವೆಂಬರ್‌ನಲ್ಲಿ ಸುದ್ದಿಯಾದದ್ದು ಕಿರಿಯ ವೈದ್ಯರ ಮೇಲಿನ ಹಲ್ಲೆಯ ಆರೋಪ ಮತ್ತು ಮುಷ್ಕರ. ಬೀದಿಯಲ್ಲಿ ಸಿಟ್ಟು ತೀರಿಸಿಕೊಂಡೆವು, ಬಾಟಲಿಯನ್ನು ಮರೆತೆವು.

ಸಿಟ್ಟು ಬರಬೇಕಾದದ್ದೇ, ಆದರೆ ಅದು ತಲುಪಬೇಕಾದ ವಿಳಾಸ ಬೇರೆ. ಕಣ್ಣಿನೊಳಗೆ ಹಾಕಿದ ಪ್ರತಿಯೊಂದು ದ್ರವದ ಹೆಸರು, ತಯಾರಕರು, ಬ್ಯಾಚ್ ಸಂಖ್ಯೆ ಬಿಡುಗಡೆ ಪತ್ರದಲ್ಲಿ ರೋಗಿಯ ಕೈಗೆ ಸಿಗಬೇಕು. ಒಂದೇ ದಿನ ಇಬ್ಬರ ಕಣ್ಣು ಊದಿಕೊಂಡರೆ ಆ ಬ್ಯಾಚಿನ ಬಳಕೆ ತಕ್ಷಣ ನಿಲ್ಲಬೇಕು, ಉಳಿದ ಬಾಟಲಿಗಳು ಪರೀಕ್ಷೆಗೆ ಹೋಗಬೇಕು, ಫಲಿತಾಂಶ ಬಹಿರಂಗವಾಗಬೇಕು. ಇದಕ್ಕೆ ಬೇಕಾದದ್ದು ಒಂದು ಹಾಳೆ ಕಾಗದ ಮತ್ತು ಸ್ವಲ್ಪ ಪ್ರಾಮಾಣಿಕತೆ. ಇಷ್ಟನ್ನೂ ಕೊಡಲಾಗದವರು ಬಡವನ ಕಣ್ಣಿಗೆ ಕೈಹಾಕುವ ಧೈರ್ಯ ಮಾಡಬಾರದು.