ಮೊದಲ ಮಳೆಗೆ ಪಶ್ಚಿಮವೇ ಏಕೆ?

ನಾನು ಸದಸ್ಯನಾಗಿರುವ ಸಂಘದ ಕಾರ್ಯಕಾರಿ ಸಮಿತಿಯು ಈ ವರ್ಷವೂ ವರ್ಷಾವಿಹಾರಕ್ಕೆ ಲೋಣಾವಳವನ್ನೇ ಆರಿಸಿತು. ಎರಡು ಬಸ್ಸು, ಬೆಳಗಿನ ಉಪ್ಪಿಟ್ಟು, ಜಲಪಾತದೆದುರು ಸಾಮೂಹಿಕ ಛಾಯಾಚಿತ್ರ, ಮರಳುವಾಗ ಅಂತ್ಯಾಕ್ಷರಿ. ನಾನು ವಿರೋಧಿಸಿದೆ. ಒಂದು ವರ್ಷವಾದರೂ ಪೂರ್ವಕ್ಕೆ ಹೋಗೋಣ, ಯೆರವಡಾದಿಂದ ಥೇವೂರಿನ ಕಡೆಗೆ, ಹೊಳೆಯ ಜೊತೆಗೆ. ಸಾಧ್ಯವಿದ್ದವರು ತಮ್ಮ ತಮ್ಮ ಮೋಟಾರ್ ಸೈಕಲ್ಲುಗಳಲ್ಲಿ ಬರಲಿ ಎಂದೆ. ಸಭೆ ನಕ್ಕಿತು. "ಅಲ್ಲೇನಿದೆ?" ಎಂದು ಹಿರಿಯರೊಬ್ಬರು ಕೇಳಿದರು. "ಈ ವಯಸ್ಸಿನಲ್ಲೂ ನಿಮಗೆ ಫಟಫಟಿಯ ಹುಚ್ಚು ಬಿಡಲಿಲ್ಲವಲ್ಲ, ಸಾಹೇಬರೇ" ಎಂದು ಇನ್ನೊಬ್ಬರು ಸೇರಿಸಿದರು. ನಡಾವಳಿಯಲ್ಲಿ ನನ್ನ ಆಕ್ಷೇಪಕ್ಕೆ ಒಂದೂವರೆ ಸಾಲು ದೊರೆತಿದೆ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಸುಖದ ಮಾತನ್ನೇ ಮೊದಲು ಆಡಿಬಿಡುವೆ. ಹೊರನಾಡ ಕನ್ನಡಿಗರ ಪತ್ರಿಕೆಗಳಲ್ಲಿ ಗಡಿಯ ಬಗ್ಗೆ, ಶಾಲೆಯ ಬಗ್ಗೆ, ಅನುದಾನದ ಬಗ್ಗೆ ಬರೆದಷ್ಟು ಸಲೀಸಾಗಿ ಸಂತೋಷದ ಬಗ್ಗೆ ಯಾರೂ ಬರೆಯುವುದಿಲ್ಲ. ರೋಹಿಣಿಯ ಬಿಡಿಮಳೆಗಳು ಮುಗಿದು ಮಿರಗ ಕೂಡುವ ಹೊತ್ತಿಗೆ, ಅಂದರೆ ಜೂನ್ ತಿಂಗಳ ಮೊದಲ ಎರಡು ವಾರಗಳಲ್ಲಿ, ಪುಣೆಯ ಪೂರ್ವದ ಬಯಲು ಒಂದು ವಿಲಕ್ಷಣ ಸ್ಥಿತಿಯಲ್ಲಿರುತ್ತದೆ. ಧೂಳು ಅಡಗಿದೆ, ಕೆಸರು ಇನ್ನೂ ಎದ್ದಿಲ್ಲ. ಹೊಲ ಹರಗಿ ಮುಗಿದಿದೆ, ಬೀಜ ಇನ್ನೂ ಬಿದ್ದಿಲ್ಲ. ಹನ್ನೆರಡು ದಿನವೋ ಹದಿನೈದು ದಿನವೋ ಇದ್ದು ಈ ಸ್ಥಿತಿ ಹೊರಟುಹೋಗುತ್ತದೆ. (2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳವನ್ನು, 26ಕ್ಕೆ ಮುಂಬಯಿಯನ್ನು ತಲುಪಿತು; ಪಂಚಾಂಗವನ್ನು ನಂಬಿ ಕುಳಿತ ನಾನು ಮೂರ್ಖನಾದೆ.)

ಬೆಳಗಿನ ಐದೂವರೆಗೆ ಯೆರವಡಾದಿಂದ ಹೊರಟು ಬಂಡ್ ಗಾರ್ಡನ್ ಸೇತುವೆಯ ಬಳಿ ಕ್ಷಣಕಾಲ ನಿಲ್ಲುವುದು ನನ್ನ ವಾಡಿಕೆ. 1867ರಲ್ಲಿ ಕಟ್ಟಿದ ಹಳೆಯ ಫಿಟ್ಜರಾಲ್ಡ್ ಸೇತುವೆ ಪಕ್ಕದಲ್ಲಿದೆ. ಕೆಳಗೆ ಮುಳಾ ಮುಠಾ. ಅಲ್ಲಿಂದ ಮುಂಢವಾ, ಮಾಂಜರಿ ದಾಟುವವರೆಗೆ ಇನ್ನೂ ನಗರವೇ. ಅದಾದ ಮೇಲೆ ರಸ್ತೆಯ ಎರಡೂ ಬದಿ ಇದ್ದಕ್ಕಿದ್ದಂತೆ ತೆರೆದುಕೊಳ್ಳುತ್ತದೆ. ಮುಂಗಾರಿನ ಗಾಳಿ ಪಶ್ಚಿಮದ್ದು; ಪೂರ್ವಕ್ಕೆ ಹೊರಟವನ ಬೆನ್ನಿಗೆ ಅದು ಕೈಯಿಟ್ಟು ನೂಕುತ್ತದೆ. ಗಾಡಿ ನಲವತ್ತರ ವೇಗದಲ್ಲಿದ್ದರೆ ಗಾಳಿಯೂ ಹೆಚ್ಚುಕಡಿಮೆ ನಮ್ಮೊಡನೆಯೇ ಸಾಗುವುದರಿಂದ ಕಿವಿಯಲ್ಲಿ ಸದ್ದಿಲ್ಲ, ಮೂಗಿಗೆ ಎಲ್ಲವೂ ಬರುತ್ತದೆ: ನೆನೆದ ಎರೆಮಣ್ಣು, ಬೇವಿನ ಉದುರಿದ ಹಣ್ಣು, ಕೊಟ್ಟಿಗೆಯ ಹೊಗೆ. ಎದುರಿನ ಸೂರ್ಯ ಕಣ್ಣು ಚುಚ್ಚದಂತೆ ಮೋಡಗಳು ಅಡ್ಡ ನಿಂತಿರುತ್ತವೆ. ಹಳ್ಳ ದಾಟುವಾಗ ಮೊಣಕಾಲಿಗೆ ತಟ್ಟುವ ತಂಪು, ದಿಬ್ಬವೇರಿದೊಡನೆ ಮತ್ತೆ ಬೆಚ್ಚಗೆ. ಕಾರಿನಲ್ಲಿ ಕುಳಿತವನಿಗೆ ಭೂಮಿಯ ಈ ಏರಿಳಿತ ತಿಳಿಯುವುದಿಲ್ಲ. ನಡೆದು ಹೋಗುವವನಿಗೆ ತಿಳಿಯುತ್ತದೆ, ಆದರೆ ಒಂದು ಬೆಳಗಿನಲ್ಲಿ ಒಂದು ತಾಲೂಕು ತಿಳಿಯುವುದಿಲ್ಲ.

ನನ್ನ ಗಾಡಿಯ ವಿಷಯವಾಗಿಯೂ ಎರಡು ಮಾತು, ಸಭೆ ನಕ್ಕಿತಲ್ಲ! ಅದು ಯೆಜ್ದಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಎಂಬ ಹೆಸರಿನಲ್ಲೂ 1973ರಿಂದ ಯೆಜ್ದಿ ಎಂಬ ಹೆಸರಿನಲ್ಲೂ ತಯಾರಿಸಿ, 1996ರಲ್ಲಿ ಬಾಗಿಲು ಮುಚ್ಚುವವರೆಗೆ ದೇಶಕ್ಕೆಲ್ಲ ಹಂಚಿದ ಗಾಡಿ. ಇಂದು ಅದೇ ಹೆಸರುಗಳಿಂದ ಮಾರಾಟವಾಗುವವು ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ ತಯಾರಾಗುತ್ತವೆ. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ಮಡಚಿ ಗೇರು ಹಾಕುವ ಆ ಚಮತ್ಕಾರವನ್ನು ಕಂಡು ಇಂದಿಗೂ ಪೆಟ್ರೋಲ್ ಪಂಪಿನ ಹುಡುಗರು ಬಾಯಿ ತೆರೆಯುತ್ತಾರೆ. ಹುಟ್ಟು ಮೈಸೂರಿನದು, ನೋಂದಣಿ ಎಂ.ಎಚ್. 12, ನನ್ನ ಕಥೆಯೂ ಬಹುಮಟ್ಟಿಗೆ ಅದೇ. ಟೂ ಸ್ಟ್ರೋಕ್ ಎಂಜಿನ್ನು ಹೊಗೆಯುಗುಳುತ್ತದೆ, ಒಪ್ಪಿದೆ. ಅದಕ್ಕೆ ಹಸಿರು ತೆರಿಗೆ ಕಟ್ಟಿದ್ದೇನೆ. ತೆರಿಗೆಯಿಂದ ಹೊಗೆ ಹಸಿರಾಗುವುದಿಲ್ಲ ಎಂಬುದನ್ನೂ ಬಲ್ಲೆ.

ಇನ್ನು "ಅಲ್ಲೇನಿದೆ?" ಎಂಬ ಪ್ರಶ್ನೆ. ಲೋಣಾವಳದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಪುಣೆಯಲ್ಲಿ ಸುಮಾರು ಏಳುನೂರು. ದೌಂಡ, ಇಂದಾಪುರದ ಕಡೆ ಐದುನೂರರ ಆಸುಪಾಸು. ಸಹ್ಯಾದ್ರಿಯ ನೆತ್ತಿಯಲ್ಲಿ ಮಳೆ ಒಂದು ದೃಶ್ಯ. ಅದು ಬಂದೇ ಬರುತ್ತದೆ, ಬಂದದ್ದು ಬಂಡೆಯ ಮೇಲಿಂದ ಇಳಿದು ಹೋಗುತ್ತದೆ. ಯವತದಾಚೆಯ ಹೊಲದ ಬದುವಿನಲ್ಲಿ ನಿಂತು ಪಶ್ಚಿಮಕ್ಕೆ ಮುಖಮಾಡಿ ಮೋಡವನ್ನು ಅಳೆಯುತ್ತಿರುವ ರೈತನಿಗೆ ಅದೇ ಮಳೆ ವರ್ಷದ ಲೆಕ್ಕ. ನಮ್ಮಲ್ಲಿ ಬಹುಪಾಲು ಜನ ಬಂದದ್ದು ಎಲ್ಲಿಂದ? ವಿಜಯಪುರ, ಕಲಬುರಗಿ, ಬಾಗಲಕೋಟೆ, ಗದಗ. ಹನಿ ಎಣಿಸಿ ಬದುಕಿದ ನಾಡುಗಳಿಂದ. ಅಂಥವರ ಮಕ್ಕಳು ಇಂದು ಖರಾಡಿ, ಯೆರವಡಾಗಳ ಕಂಪೆನಿಗಳಿಂದ ರವಿವಾರ ಎಂಬತ್ತು ಗಾಡಿಗಳ ದಂಡು ಕಟ್ಟಿ, ಶಿರಸ್ತ್ರಾಣಕ್ಕೆ ಕ್ಯಾಮರಾ ಅಂಟಿಸಿಕೊಂಡು, ಸೈಲೆನ್ಸರ್ ಬಿಚ್ಚಿದ ಸದ್ದಿನಿಂದ ಮುಳಶಿಯ ಹಳ್ಳಿಗಳನ್ನು ಎಬ್ಬಿಸುತ್ತ ತಾಮ್ಹಿಣಿ ಘಾಟಿಗೆ ಓಡುತ್ತಾರೆ. ಅವರ ಅಜ್ಜನಿಗೆ ಮಿರಗದ ಮಳೆ ಏನಾಗಿತ್ತೆಂಬುದು ಅವರಿಗೆ ತಿಳಿಯದು. ತಿಳಿಸಬೇಕಾದ ನಾವು ಬಸ್ಸು ಮಾಡಿಕೊಂಡು ಅವರ ಹಿಂದೆಯೇ ಹೊರಡುತ್ತೇವೆ.

ಆ ದಿಕ್ಕಿನ ಸಂದಣಿಯ ಬೆಲೆಯನ್ನೂ ನಾವು ಕಂಡಿದ್ದೇವೆ. 2024ರ ಜೂನ್ 30ರ ರವಿವಾರ ಭುಶಿ ಅಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. 2025ರ ಜೂನ್ 15, ಅದೂ ರವಿವಾರವೇ, ತಳೇಗಾವದ ಬಳಿ ಕುಂಡಮಳಾದಲ್ಲಿ ಇಂದ್ರಾಯಣಿಯ ಮೇಲಿನ ಹಳೆಯ ಕಬ್ಬಿಣದ ಸೇತುವೆ ಜನಭಾರಕ್ಕೆ ಕುಸಿದು ನಾಲ್ವರು ಸತ್ತರು. ಸತ್ತವರನ್ನು ದೂರುವ ಕ್ರೌರ್ಯ ನನಗೆ ಬೇಡ. ಆದರೆ ಲಕ್ಷಾಂತರ ಜನರಿಗೆ ಮಳೆಯೆಂದರೆ ಒಂದೇ ದಿಕ್ಕಿನ ಹತ್ತು ಜಾಗಗಳೆಂದು ಕಲಿಸಿದವರಲ್ಲಿ ನಮ್ಮಂಥ ಸಂಘಗಳ ಪಾಲೂ ಇದೆ.

ಮರಾಠಿ ಜನಪದದವರಿಗೆ ಈ ಭ್ರಮೆ ಇಲ್ಲ. ಮೊದಲ ಮಳೆ ಬಿದ್ದೊಡನೆ ಅವರಲ್ಲಿ ಲಕ್ಷೋಪಲಕ್ಷ ಮಂದಿ ಪಂಢರಪುರದ ದಿಕ್ಕಿಗೆ ನಡೆಯುತ್ತಾರೆ. ದೇಹೂವಿನಿಂದ ಹೊರಟ ತುಕಾರಾಮರ ಪಾಲಖಿ ಪುಣೆಯನ್ನು ದಾಟಿ ಲೋಣಿ ಕಾಳಭೋರ, ಯವತ, ಬಾರಾಮತಿ, ಇಂದಾಪುರಗಳ ಮೂಲಕ ಸಾಗುತ್ತದೆ. ನಾನು ಹೇಳುತ್ತಿರುವ ದಾರಿ ಬಹುಮಟ್ಟಿಗೆ ಅದೇ. ಅವರು ಕಾಣಹೊರಟ ವಿಠ್ಠಲನನ್ನು ಕನ್ನಡದವನೆಂದು ಕರೆದವರು ಸ್ವತಃ ಜ್ಞಾನೇಶ್ವರರು. ಕನ್ನಡದ ದೇವರಿಗಾಗಿ ಮಹಾರಾಷ್ಟ್ರ ಪೂರ್ವಕ್ಕೆ ನಡೆಯುವ ದಿನಗಳಲ್ಲಿ ಮಹಾರಾಷ್ಟ್ರದ ಕನ್ನಡಿಗರು ಪಶ್ಚಿಮಕ್ಕೆ ಬಸ್ಸು ಹಿಡಿಯುತ್ತಾರೆ!

ನನ್ನ ಮುಖ್ಯ ವಾದ ಹೊಳೆಯದು. ಬಂಡ್ ಗಾರ್ಡನ್ನಿನ ಕೆಳಗೆ ಹರಿಯುವ ಮುಳಾ ಮುಠಾ ಥೇವೂರನ್ನು ಹಾದು ರಾಂಜಣಗಾವ್ ಸಾಂಡಸದ ಬಳಿ ಭೀಮೆಯನ್ನು ಸೇರುತ್ತದೆ. ಆ ಭೀಮೆ ಉಜನಿಯ ಜಲಾಶಯದಲ್ಲಿ ನಿಂತು, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ವಿಜಯಪುರ, ಕಲಬುರಗಿ ಜಿಲ್ಲೆಗಳ ಅಂಚಿಗೆ ಬಂದು, ಗಾಣಗಾಪುರವನ್ನೂ ಅಶೋಕನ ಶಾಸನ ಸಿಕ್ಕ ಸನ್ನತಿಯನ್ನೂ ಹಾದು ರಾಯಚೂರಿನ ಬಳಿ ಕೃಷ್ಣೆಗೆ ಕೂಡುತ್ತದೆ. ಪ್ರತಿ ನವೆಂಬರಿನಲ್ಲಿ ನಮ್ಮ ವೇದಿಕೆಗಳ ಮೇಲೆ ಕವಿರಾಜಮಾರ್ಗಕಾರ ಹೇಳಿದ ಕಾವೇರಿ ಗೋದಾವರಿಗಳ ಎಲ್ಲೆಯನ್ನು ಕೇಳಿ ಚಪ್ಪಾಳೆ ತಟ್ಟುತ್ತೇವೆ. ಆ ಎರಡು ಹೊಳೆಗಳ ನಡುವಿನ ಒಂದು ಹೊಳೆಗೆ ನೀರು ಹೋಗುವುದು ನಮ್ಮ ಮನೆಯ ಮೋರಿಯಿಂದ ಎಂಬ ಸಂಗತಿಯನ್ನು ಯಾವ ಭಾಷಣಕಾರನೂ ಹೇಳಿದ್ದನ್ನು ನಾನು ಕೇಳಿಲ್ಲ. ಭೀಮಾತೀರವೆಂದರೆ ನಮ್ಮ ಯುವಕರಿಗೆ ಗೊತ್ತಿರುವುದು 2012ರ ಒಂದು ಚಲನಚಿತ್ರದ ಬಂದೂಕುಗಳಷ್ಟೆ.

ಮೋರಿಯೆಂಬುದು ಅಲಂಕಾರದ ಮಾತಲ್ಲ. ಗಾಡಿಯಲ್ಲಿ ಹೋದವನ ಮೂಗಿಗೆ ಅದು ಬಡಿಯುತ್ತದೆ. ಮುಂಢವಾದ ಜಾಕ್‌ವೆಲ್‌ನಲ್ಲಿ ನಗರದ ಬಳಸಿದ ನೀರನ್ನು ಸಂಸ್ಕರಿಸಿದ್ದೆಂದು ಎತ್ತಿ ಹಳೆಯ ಬೇಬಿ ಕಾಲುವೆಗೆ ಬಿಡುತ್ತಾರೆ; ದೌಂಡದ ಕಬ್ಬು ಅದನ್ನು ಕುಡಿಯುತ್ತದೆ. ಮಾಂಜರಿಯಾಚೆ ಹೊಳೆಯ ತುಂಬ ಜಲಕಳೆ, ಮೊದಲ ದೊಡ್ಡ ಮಳೆಗೆ ಅದು ಕಿತ್ತು ತೇಲಿ ಹೋಗುವಾಗ ಅಡಿಯಿಂದ ಏಳುವ ಕಪ್ಪು ನೀರು, ಅದರ ಮೇಲೆ ನೊರೆ. ನಗರದೊಳಗೆ ಇದೇ ಹೊಳೆಯ ದಂಡೆಯನ್ನು ಅಂದಗೊಳಿಸುವ ಕಾಮಗಾರಿ 2022ರಿಂದ ನಡೆದಿದೆ. ಅಂದವಾದ ದಂಡೆಯಲ್ಲಿ ವಾಯುವಿಹಾರ ಮಾಡುವವರಿಗೆ ಥೇವೂರಿನ ವಾಸನೆ ಬರದು. ನಾನು ಹೊಗಳಿದ ಮಣ್ಣಿನ ಪರಿಮಳದ ಪಕ್ಕದಲ್ಲಿಯೇ ಈ ನಾತವೂ ಇದೆ. ಸವಾರಿಯ ಸುಖ ಬೇಕೆಂದವನು ಎರಡನ್ನೂ ಉಸಿರಾಡಬೇಕಾಗುತ್ತದೆ.

ಎರಡು ವರ್ಷಗಳ ಹಿಂದೆ ಯವತದ ಹತ್ತಿರ ಚಹಾದಂಗಡಿಯಲ್ಲಿ ನಿಂತಿದ್ದಾಗ ಹಳೆಯ ಸ್ಪ್ಲೆಂಡರ್ ಗಾಡಿಯೊಂದು ಬಂದು ನಿಂತಿತು. ಗಂಡ, ಹೆಂಡತಿ, ನಡುವೆ ಒಂದು ಮಗು, ಹಿಂದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಗ್ಗದಿಂದ ಬಿಗಿದ ಗಂಟು. ಮಗುವಿಗೆ ತಾಯಿ ಆಡಿದ ಮಾತು ಕನ್ನಡ. ಅವನು ಗೌಂಡಿ; ಅಫಜಲಪುರ ತಾಲೂಕಿನವನು. ಯೆರವಡಾದಲ್ಲಿಯೇ, ನನ್ನ ಮನೆಯಿಂದ ಅರ್ಧ ಮೈಲಿಯೊಳಗೆ, ಒಂಬತ್ತು ವರ್ಷಗಳಿಂದ ಇದ್ದಾನೆ. ನನ್ನ ಯೆಜ್ದಿಯನ್ನು ಸುತ್ತಿ ನೋಡಿ, "ಎಲ್ಲಿಗಿ ಹೊಂಟೀರಿ ಕಾಕಾ?" ಎಂದ.

"ಎಲ್ಲಿಗೂ ಇಲ್ಲ. ಸುಮ್ಮನೆ, ಮಳೆ ನೋಡಲಿಕ್ಕೆ."

ಅವನು ಹೆಂಡತಿಯತ್ತ ತಿರುಗಿ ನಕ್ಕ. "ನಾವೂ ಮಳಿ ನೋಡ್ಲಾಕೇ ಹೊಂಟೀವ್ರಿ. ಮೂರ ಎಕರೆ ಅದ. ತೊಗರಿ ಹಾಕಿ ಬರ್ತೀವಿ."

ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಊರಲ್ಲಿ ಬಿತ್ತಿ ಎಂಟು ದಿನಕ್ಕೆ ಮರಳಿ ಬಂದು ಖರಾಡಿಯ ಕಟ್ಟಡವನ್ನೇರಬೇಕು. ಹೊಳೆಯ ಮಾತು ತೆಗೆದೆ. "ಇಲ್ಲಿ ಬಿಟ್ಟಿದ್ದು ಅಲ್ಲಿ ಬರ್ತದ್ರಿ" ಎಂದಷ್ಟೇ ಹೇಳಿದ. 2020ರ ಅಕ್ಟೋಬರಿನಲ್ಲಿ ಭೀಮೆಗೆ ಮಹಾಪೂರ ಬಂದಾಗ ಅವನ ಮೂರು ಎಕರೆಯೂ ಮುಳುಗಿತ್ತಂತೆ. ಪುಣೆಯ ಕನ್ನಡ ಸಂಘದ ಹೆಸರನ್ನು ಕೇಳಿದ್ದೀಯಾ ಎಂದು ವಿಚಾರಿಸಿದೆ. ಕೇಳಿರಲಿಲ್ಲ. ಅವನನ್ನು ನಾವು ಕೇಳಿದ್ದೇವೆಯೇ? ಮನೆಗೆ ಬಂದು ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ತೆಗೆದು ನೋಡಿದೆ. ವೈದ್ಯರು, ಅಭಿಯಂತರು, ಬ್ಯಾಂಕಿನವರು, ಹೋಟೆಲು ಮಾಲೀಕರು. ಯೆರವಡಾದ ವಿಳಾಸಗಳೂ ಹಲವಿವೆ. ಒಬ್ಬ ಗೌಂಡಿಯೂ ಇರಲಿಲ್ಲ. ಅರ್ಧ ಮೈಲಿಯಲ್ಲಿದ್ದವನನ್ನು ನಾನು ಭೇಟಿಯಾಗಲು ನಲವತ್ತು ಕಿಲೋಮೀಟರು ಪೂರ್ವಕ್ಕೆ ಹೋಗಬೇಕಾಯಿತು.

ಇದನ್ನು ಸಮಿತಿಯಲ್ಲಿ ಹೇಳಿದಾಗ ಬಂದ ಉತ್ತರ: "ಅದು ಸಮಾಜಸೇವೆಯ ವಿಷಯ, ವಿಹಾರದ್ದಲ್ಲ." ನನಗೆ ಈ ವಿಂಗಡಣೆಯೇ ಅರ್ಥವಾಗುವುದಿಲ್ಲ. ಅವನಿಗೆ ನಾನು ಯಾವ ಸೇವೆಯನ್ನೂ ಮಾಡಲಿಲ್ಲ. ಚಹದ ಹಣವನ್ನೂ ಅವನೇ ಕೊಟ್ಟ. ಇಬ್ಬರೂ ಒಂದೇ ಮೋಡದ ಕೆಳಗೆ ಒಂದೇ ಖುಷಿಯಲ್ಲಿದ್ದೆವು. ಅವನ ಖುಷಿಗೆ ಬುಡವಿತ್ತು, ನನ್ನದು ಅದರ ನೆರಳಿನಲ್ಲಿ ನಿಂತಿತ್ತು.

ಯೆರವಡಾಕ್ಕೆ ಈ ಬಗೆಯ ಸವಾರಿ ಹೊಸದೇನಲ್ಲ. ಇಲ್ಲಿಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು 1960ರ ದಶಕದಿಂದಲೂ ಕೃಷ್ಣಾ ಭೀಮಾಗಳ ನಡುವಿನ ಸುರಪುರ ಸೀಮೆಯಲ್ಲಿ ತಿರುಗಿ ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ಆದಿಮಾನವನ ಕಲ್ಲಿನ ಆಯುಧಗಳ ನೆಲೆಗಳನ್ನು ಗುರುತಿಸಿದರು. ಕನ್ನಡ ನೆಲದ ಅತಿ ಹಳೆಯ ಮನುಷ್ಯನ ಬಗ್ಗೆ ಜಗತ್ತು ತಿಳಿದದ್ದರಲ್ಲಿ ಬಹಳಷ್ಟು ನಮ್ಮ ಬಡಾವಣೆಯ ಒಂದು ಕಲ್ಲಿನ ಕಟ್ಟಡದಿಂದ ಹೊರಟಿತು. ಆ ಕಾಲೇಜಿನ ಆವರಣಕ್ಕೆ ನಮ್ಮ ಸಂಘ ಒಂದು ಬಸ್ಸನ್ನಾದರೂ ಮಾಡಿದೆಯೇ? ಬಸ್ಸೇ ಬೇಡ, ನಡೆದೇ ಹೋಗಬಹುದು.

ಅಪಾಯದ ಆಕ್ಷೇಪಕ್ಕೆ ಉತ್ತರಿಸದೆ ಬಿಡಲಾರೆ, ಏಕೆಂದರೆ ಅದನ್ನೆತ್ತಿದ ಸೋದರಿ ನ್ಯಾಯವಾಗಿಯೇ ಎತ್ತಿದರು. ಸೋಲಾಪುರ ಹೆದ್ದಾರಿಯ ಲಾರಿಗಳು ನಿಜ. ಬೇಸಗೆಯಿಡೀ ಡಾಂಬರಿನ ಮೇಲೆ ತೊಟ್ಟಿಕ್ಕಿದ ಎಣ್ಣೆ ಮೊದಲ ಹನಿಗೆ ಮೇಲೆದ್ದು ಜಾರುವುದೂ ನಿಜ. ಹಾಗೆಂದೇ ಮೊದಲ ದಿನ ಹೊರಡಬಾರದು. ಎರಡು ಮೂರು ಒಳ್ಳೆಯ ಮಳೆ ರಸ್ತೆಯನ್ನು ತೊಳೆಯಲಿ. ಹೆದ್ದಾರಿಯನ್ನು ಬಿಟ್ಟು ಮಾಂಜರಿಯ ಒಳದಾರಿ ಹಿಡಿದರೆ ಲಾರಿಗಳ ಕಾಟ ಕಡಿಮೆ. ಆ ಸೋದರಿ ತಮ್ಮ ಸ್ಕೂಟರಿನಲ್ಲಿಯೇ ಬರಬಹುದು. ಥೇವೂರಿನವರೆಗೆ ಏನೂ ತೊಂದರೆಯಿಲ್ಲ.

ಸಂಘದ ಬಸ್ಸುಗಳು ಲೋಣಾವಳಕ್ಕೆ ಹೋಗಲಿ, ನಾನು ತಡೆಯಲಾರೆ. ಬರುವ ವರ್ಷ ಮಿರಗ ಕೂಡಿದ ಮೇಲಿನ ಎರಡನೆಯ ರವಿವಾರ ಬೆಳಗಿನ ಐದೂವರೆಗೆ ಬಂಡ್ ಗಾರ್ಡನ್ ಸೇತುವೆಯ ಯೆರವಡಾ ತುದಿಯಲ್ಲಿ ನಾನಿರುತ್ತೇನೆ. ಬರುವವರು ಹಿಂದಿನ ರಾತ್ರಿಯೇ ಪೆಟ್ರೋಲು ತುಂಬಿಸಿಕೊಂಡಿರಬೇಕು, ಸೈಲೆನ್ಸರ್ ನೆಟ್ಟಗಿರಬೇಕು. ಹತ್ತು ಗಾಡಿಗಿಂತ ಹೆಚ್ಚಾದರೆ ಎರಡು ತಂಡ ಮಾಡೋಣ. ರೇನ್‌ಕೋಟು ಮರೆಯಬೇಡಿ, ಮರಳುವಾಗ ಗಾಳಿ ಎದುರಿನಿಂದ ಬರುತ್ತದೆ. ಹಿಂದಿನ ದಿನ ಜೋರು ಮಳೆಯಾಗಿದ್ದರೆ ಮಾತ್ರ ಥೇವೂರಿನಾಚೆ ಹೊಲದ ದಾರಿಗೆ ಗಾಡಿ ಇಳಿಸುವಂತಿಲ್ಲ. ಎರೆಮಣ್ಣು ಮಡ್‌ಗಾರ್ಡಿನಲ್ಲಿ ಕಚ್ಚಿಕೊಂಡರೆ ಚಕ್ರ ತಿರುಗುವುದಿಲ್ಲ, ಕಡ್ಡಿ ಹಿಡಿದು ಕೆತ್ತುತ್ತ ಕೂರಬೇಕಾಗುತ್ತದೆ.